ಪೆನ್ಸಿಲ್ ಗೆರೆ, ಒಣಗದ ಉಪ್ಪು: ಅಸಿಟೋನ್ ಹಿಡಿಯುವ ಪಟ್ಟಿ ಮಾಡುವುದು ಹೇಗೆ?

ಪೇಂಟ್ ಅಂಗಡಿಯಲ್ಲಿ ದಿನವಿಡೀ ಕೂರುವವರನ್ನು ಥಿನ್ನರ್ ವಾಸನೆ ಬಗ್ಗೆ ಕೇಳಿ ನೋಡಿ. 'ಎಲ್ಲಿದೆ ವಾಸನೆ?' ಅನ್ನುತ್ತಾರೆ. ಮೂಗು ಬೇಗ ಹಿಡಿಯುತ್ತದೆ, ಅಷ್ಟೇ ಬೇಗ ಮರೆತೂ ಬಿಡುತ್ತದೆ. ಕೆಲವು ಥಿನ್ನರ್‌ಗಳಲ್ಲಿರುವ ಅಸಿಟೋನ್ ಎಂಬ ದ್ರಾವಕದ ಆವಿ ಹಿಡಿಯುವ, ಮರೆಯದ ಮೂಗೊಂದನ್ನು ಕಾಲೇಜಿನ ಲ್ಯಾಬಿನಲ್ಲೇ ಮಾಡಬಹುದು. ಫಿಲ್ಟರ್ ಪೇಪರ್, ಪೆನ್ಸಿಲ್, ದಿಕ್ಕು ಬದಲಿಸುವ ವಿದ್ಯುತ್ತಿನಲ್ಲಿ ರೋಧ ಅಳೆಯುವ ಎಲ್‌ಸಿಆರ್ ಮೀಟರ್ ಬೇಕು. ಜೊತೆಗೆ ಒಂದು ವಿಚಿತ್ರ ಉಪ್ಪು.

ಉಪ್ಪು ಎಂದರೆ ಹರಳು ಅಂತಲೇ ನಮ್ಮ ಲೆಕ್ಕ ಅಲ್ವಾ? ಅಡುಗೆ ಉಪ್ಪು ಬಿಸಿಗೆ ಕರಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು. ಆದರೆ 1914ರಲ್ಲಿ ಪೌಲ್ ವಾಲ್ಡೆನ್ ಎಂಬ ರಸಾಯನ ವಿಜ್ಞಾನಿ 12 ಡಿಗ್ರಿಗೇ ಕರಗುವ ಉಪ್ಪೊಂದರ ಬಗ್ಗೆ ಬರೆದರು. ಅದು ಇಥೈಲ್ ಅಮೋನಿಯಂ ನೈಟ್ರೇಟ್. ಉಪ್ಪಿನಲ್ಲಿರುವ ಧನ, ಋಣ ವಿದ್ಯುದಾವೇಶದ ಕಣಗಳು, ಅಂದರೆ ಅಯಾನುಗಳು, ದಪ್ಪಗೆ, ಅಂಕುಡೊಂಕಾಗಿ ಇದ್ದರೆ ಸಾಲಾಗಿ ಜೋಡಿಸಿಕೊಳ್ಳಲು ಅವಕ್ಕೆ ಆಗುವುದಿಲ್ಲ. ಹಾಗಾಗಿ ಸುಲಭಕ್ಕೆ ಹರಳುಗಟ್ಟುವುದಿಲ್ಲ. 100 ಡಿಗ್ರಿಯೊಳಗೆ ಕರಗುವ ಇಂಥ ಉಪ್ಪುಗಳಿಗೆ ಅಯಾನಿಕ್ ದ್ರವ ಎಂದು ಹೆಸರು.

ಇವು ಆವಿಯಾಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ನಮಗೆ ಬೇಕಾದ ಗುಣ ಇದೇ. ಪಟ್ಟಿಯ ಮೇಲಿನ ಹನಿ ಒಣಗದೆ ಕೂತಿರುತ್ತದೆ. ಅಸಿಟೋನ್ ಆವಿ ನೆಂಟರ ಹಾಗೆ ಒಳಗೆ ಬಂದು ಹೋಗುತ್ತದೆ. ಬಂದಾಗ ದ್ರವ ತೆಳುವಾಗುತ್ತದೆ, ಜೇನುತುಪ್ಪಕ್ಕೆ ಒಂದು ಚಮಚ ಬಿಸಿನೀರು ಬೆರೆಸಿದಂತೆ. ಅಯಾನುಗಳು ಸಲೀಸಾಗಿ ಓಡಾಡುತ್ತವೆ, ವಿದ್ಯುತ್ ರೋಧ ಇಳಿಯುತ್ತದೆ. ನಾವು ಅಳೆಯುವುದು ಇದನ್ನೇ.

ಮೊದಲು ದ್ರವದ ಆಯ್ಕೆ. ಬ್ಯುಟೈಲ್ ಮೀಥೈಲ್ ಇಮಿಡಜೋಲಿಯಂ ಎಂಬ ಧನ ಅಯಾನು ಇರುವುದನ್ನು ತೆಗೆದುಕೊಳ್ಳಿ. ಅದರ ಜೋಡಿ ಋಣ ಅಯಾನಾಗಿ ಹೆಕ್ಸಾಫ್ಲೋರೋಫಾಸ್ಫೇಟ್ ಇರುವ ಸೀಸೆ ಕಪಾಟಿನಲ್ಲಿ ಇದ್ದರೂ ಮುಟ್ಟಬೇಡಿ. ಅದು ತೇವದ ಜೊತೆ ಸೇರಿ ನಿಧಾನಕ್ಕೆ ಹೈಡ್ರೋಫ್ಲೋರಿಕ್ ಆಮ್ಲ ಬಿಡಬಹುದು. ಅದರ ಬದಲು ಟ್ರೈಫ್ಲಿಮೈಡ್ ಎಂಬ, ಇದೂ ಫ್ಲೋರಿನ್ ಇರುವ, ಋಣ ಅಯಾನಿನದು ವಾಸಿ. 'ಹಸಿರು ದ್ರಾವಕ' ಎಂಬ ಬಿರುದು ನಂಬಿ ಬರಿಗೈಯಲ್ಲಿ ಹಿಡಿಯುವುದೂ ಬೇಡ. ಆವಿಯಾಗುವುದಿಲ್ಲ ಎಂದ ಮಾತ್ರಕ್ಕೆ ವಿಷವಲ್ಲ ಎಂದಲ್ಲ. ಗ್ಲೌಸ್, ಕನ್ನಡಕ ಹಾಕಿಕೊಳ್ಳಿ.

ಫಿಲ್ಟರ್ ಪೇಪರನ್ನು 1 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಮೆತ್ತಗಿನ, ಕಪ್ಪಾದ 8ಬಿ ಪೆನ್ಸಿಲ್‌ನಿಂದ ಉದ್ದಕ್ಕೂ ಎರಡು ದಪ್ಪ ಗೆರೆ ಎಳೆಯಿರಿ, ನಡುವೆ 2 ಮಿಲಿಮೀಟರ್ ಜಾಗ ಇರಲಿ. ಪೆನ್ಸಿಲ್ಲಿನ ಗ್ರಾಫೈಟ್ ವಿದ್ಯುತ್ ಹರಿಸುವುದರಿಂದ ಈ ಗೆರೆಗಳೇ ನಮ್ಮ ತಂತಿ. ಒಂದೇ ಸಲಕ್ಕೆ ಒತ್ತಿದರೆ ಕಾಗದ ಹರಿಯುತ್ತದೆ. ಮೆಲ್ಲಗೆ ಹತ್ತಾರು ಸಲ ತಿದ್ದಿ. ಪುಡಿಯನ್ನು ಊದಿಬಿಡಿ, ಇಲ್ಲದಿದ್ದರೆ ಅದೇ ಎರಡು ಗೆರೆಗೆ ಸೇತುವೆ ಆಗುತ್ತದೆ. ಒಂದು ತುದಿಯಲ್ಲಿ ಗೆರೆಗೊಂದರಂತೆ ಮೀಟರಿನ ಕ್ಲಿಪ್ ಹಾಕಿ.

ಅಯಾನಿಕ್ ದ್ರವ 1 ಪಾಲು, ಆಲ್ಕೋಹಾಲ್ 9 ಪಾಲು ಬೆರೆಸಿ, 20 ಮೈಕ್ರೋಲೀಟರ್‌ನಷ್ಟು ಗೆರೆಗಳ ನಡುವೆ ಬಿಡಿ. ನೇರವಾಗಿ ಸುರಿದರೆ ಪದರ ದಪ್ಪವಾಗುತ್ತದೆ, ಆವಿ ಒಳಗಿಳಿಯಲು ತಡವಾಗುತ್ತದೆ. ದಪ್ಪ ಎರಡರಷ್ಟಾದರೆ ಹೊತ್ತು ಸುಮಾರು ನಾಲ್ಕರಷ್ಟು. ಆವಿಯನ್ನು ಹೊರಗೆಳೆಯುವ ಲ್ಯಾಬಿನ ಕಪಾಟಿನಲ್ಲಿ (ಫ್ಯೂಮ್ ಹುಡ್) ಆಲ್ಕೋಹಾಲ್ ಪೂರ್ತಿ ಆರಲಿ. ಆಮೇಲೆ 70 ಡಿಗ್ರಿ ಓವನ್‌ನಲ್ಲಿ ಒಂದು ಗಂಟೆ ಇಟ್ಟು, ಸಿಲಿಕಾ ಜೆಲ್ ಇರುವ ಡಬ್ಬಿಗೆ ಸೇರಿಸಿ.

ಇನ್ನು ಅಳೆಯುವುದು. ಮೊದಲ ಸಲ ನಾನು ಮಾಮೂಲಿ ಮಲ್ಟಿಮೀಟರ್ ಹಚ್ಚಿದೆ. ಅಂಕಿ ನಿಲ್ಲಲೇ ಇಲ್ಲ, ಆಟೋ ಮೀಟರ್ ಥರ ಏರುತ್ತಲೇ ಹೋಯಿತು. ಸೆಲ್ ಬದಲಿಸಿದೆ, ಮೀಟರನ್ನೂ ಬೈದೆ. ತಪ್ಪು ನನ್ನದೇ. ಮಲ್ಟಿಮೀಟರ್ ಏಕಮುಖ ವಿದ್ಯುತ್ ಹರಿಸುತ್ತದೆ. ಅಯಾನುಗಳು ಒಂದೊಂದು ಗೆರೆಯ ಪಕ್ಕ ಹೋಗಿ ಗುಂಪುಗಟ್ಟಿ ದಾರಿ ಕಟ್ಟಿಬಿಡುತ್ತವೆ. ಎಲ್‌ಸಿಆರ್ ಮೀಟರ್ 1 ಕಿಲೋಹರ್ಟ್ಸ್‌ನಲ್ಲಿ ದಿಕ್ಕು ಬದಲಿಸುತ್ತಾ ಅಳೆಯುವುದರಿಂದ ಆ ಕಾಟ ಕಡಿಮೆ.

ಪಟ್ಟಿಯನ್ನು 1 ಲೀಟರ್ ಗಾಜಿನ ಜಾಡಿಯೊಳಗೆ ತೂಗುಹಾಕಿ, ಅಂಕಿ ನಿಲ್ಲುವ ತನಕ ಕಾಯಿರಿ. ಹತ್ತಿರದಲ್ಲಿ ಬೆಂಕಿ, ಬರ್ನರ್ ಇರಬಾರದು. 20 ಮೈಕ್ರೋಲೀಟರ್ ಅಸಿಟೋನ್ ತಳಕ್ಕೆ ಬಿಟ್ಟು ಮುಚ್ಚಿ. 1 ಮೈಕ್ರೋಲೀಟರ್ ಪೂರ್ತಿ ಆವಿಯಾದರೆ ಈ ಜಾಡಿಯಲ್ಲಿ ಸುಮಾರು 330 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 330 ಪಾಲು), ಅಂದರೆ ಈಗ ಹತ್ತಿರ ಹತ್ತಿರ 6,600. ರೋಧ ಇಳಿಯುವುದು ಕಾಣುತ್ತದೆ. ಮುಚ್ಚಳ ತೆಗೆದು ಗಾಳಿ ಆಡಿಸಿದರೆ ಮೆಲ್ಲಗೆ ಹಿಂದಕ್ಕೆ ಏರುತ್ತದೆ.

ಹಾಗಂತ ಇದನ್ನು ವರ್ಕ್‌ಶಾಪಿನ ಗೋಡೆಗೆ ಅಂಟಿಸಬೇಡಿ. ಅಮೆರಿಕದ ಕಾರ್ಖಾನೆಗಳಲ್ಲಿ ಅಸಿಟೋನ್ ಆವಿಗೆ 8 ಗಂಟೆಯ ಸರಾಸರಿ ಮಿತಿಯೇ 1,000 ಪಿಪಿಎಂ. ಅಷ್ಟು ಸಣ್ಣ ಬದಲಾವಣೆ ನಮ್ಮ ಪಟ್ಟಿಯಲ್ಲಿ ತೇವದ ಏರುಪೇರಿನಲ್ಲೇ ಮುಳುಗಿಹೋಗಬಹುದು. ಬೇಕಿದ್ದರೆ ಸುಮ್ನೆ ಪಟ್ಟಿಯ ಮೇಲೆ ಒಮ್ಮೆ ಉಸಿರು ಬಿಡಿ. ಅಂಕಿ ಆಗಲೂ ಇಳಿಯುತ್ತದೆ! ನೀರಿನಲ್ಲಿ ಬೆರೆಯದ ದ್ರವವೂ ಗಾಳಿಯಿಂದ ನೀರು ಹೀರುತ್ತದೆ. ಮಳೆಗಾಲದಲ್ಲಿ ಜಾಸ್ತಿ. ಅದಕ್ಕೇ ಪ್ರತಿ ಸಲ ಖಾಲಿ ಜಾಡಿಯ ಅಂಕಿಯನ್ನು ಮೊದಲು ಬರೆದಿಟ್ಟುಕೊಳ್ಳಿ.

ಸಂಶೋಧಕರು ಹೆಚ್ಚಾಗಿ ನೆಚ್ಚುವುದು ಕ್ವಾರ್ಟ್ಜ್ ಹರಳನ್ನು. ಗಡಿಯಾರದಲ್ಲಿರುವ ಹರಳಿನ ಜಾತಿಯದೇ, ಆದರೆ ಸೆಕೆಂಡಿಗೆ 50 ಲಕ್ಷ ಅಥವಾ ಇನ್ನೂ ಹೆಚ್ಚು ಸಲ ಕಂಪಿಸುವಂಥದ್ದು. ಅದಕ್ಕೆ ಅಯಾನಿಕ್ ದ್ರವ ಬಳಿದು, ಆವಿ ಸೇರಿದಾಗ ಕಂಪನ ಎಷ್ಟು ಬದಲಾಯಿತು ಎಂದು ನೋಡುತ್ತಾರೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ತಂಡ 2002ರಲ್ಲೇ ಇದನ್ನು ತೋರಿಸಿತ್ತು.

ಅಸಿಟೋನ್ ಹೋದಮೇಲೆ ಅದೇ ಪಟ್ಟಿಗೆ ಹೆಕ್ಸೇನ್ ಎಂಬ ಇನ್ನೊಂದು ದ್ರಾವಕದ ಆವಿ ಕೊಟ್ಟು ನೋಡಿ. ಅಂಕಿ ಅಷ್ಟಾಗಿ ಅಲ್ಲಾಡುವುದಿಲ್ಲ, ಏಕೆಂದರೆ ಹೆಕ್ಸೇನ್ ಈ ದ್ರವದಲ್ಲಿ ಕರಗುವುದೇ ಕಡಿಮೆ. ಒಂದು ಪಟ್ಟಿ ದ್ರಾವಕದ ಹೆಸರು ಹೇಳುವುದಿಲ್ಲ. ಬೇರೆ ಬೇರೆ ಅಯಾನಿಕ್ ದ್ರವದ ನಾಲ್ಕೈದು ಪಟ್ಟಿ ಪಕ್ಕಪಕ್ಕ ಇಟ್ಟರೆ, ಯಾವುದು ಎಷ್ಟು ಇಳಿಯಿತು ಎಂಬುದರಿಂದ ಊಹಿಸಬಹುದು.

ಮುಗಿದಮೇಲೆ ಪಟ್ಟಿಗಳನ್ನು ಫ್ಲೋರಿನ್ ಇರುವ ಕಸಕ್ಕೆಂದೇ ಇಟ್ಟ ಲ್ಯಾಬಿನ ಡಬ್ಬಿಗೇ ಹಾಕಿ. ಉಳಿದ ದ್ರವವನ್ನು ಸಿಂಕಿಗೆ ಸುರಿಯಬೇಡಿ.