ರೊಟ್ಟಿ, ಬೇಳೆ ಬಿಡದೆ ಫಾಸ್ಫರಸ್ ಇಳಿಸಿದ ನನ್ನ ಅನುಭವ

ಡಯಾಲಿಸಿಸ್ ಮಾಡಿಸಿಕೊಳ್ಳುವ ನಮ್ಮಲ್ಲಿ ಬಹುತೇಕರ ರಕ್ತಪರೀಕ್ಷೆಯಲ್ಲಿ ಊಟದಿಂದ ಬರುವ ಖನಿಜವಾದ ಫಾಸ್ಫರಸ್ ಹೆಚ್ಚೇ ಇರುತ್ತದೆ. ನನ್ನದು ಬಹಳ ಕಾಲ 8ರ ಮೇಲೆಯೇ ಇತ್ತು. ಕಲಬುರಗಿಯವನಾದ ನಾನು ಜೋಳದ ರೊಟ್ಟಿ, ತೊಗರಿ ಬೇಳೆ ಬಿಡದ ಹೊರತು ಅದು ಇಳಿಯದೆಂದು ಜೊತೆಯ ರೋಗಿಗಳೆಲ್ಲ ಹೇಳುತ್ತಿದ್ದರು. ಈಗ ಎರಡನ್ನೂ ಉಣ್ಣುತ್ತಿದ್ದೇನೆ, ಅಂಕಿ 5ರ ಆಸುಪಾಸಿನಲ್ಲಿದೆ.

ಮೊದಲು ಬೇಳೆ ಬಿಟ್ಟು ನೋಡಿದೆ. ರಕ್ತದ ಪ್ರೊಟೀನಾದ ಅಲ್ಬುಮಿನ್ ಕುಸಿದು ಕಾಲಿನ ಶಕ್ತಿ ಹೋಯಿತೇ ಹೊರತು ಫಾಸ್ಫರಸ್ ಅಷ್ಟೇನೂ ಇಳಿಯಲಿಲ್ಲ. ಊಟದ ಫಾಸ್ಫರಸ್ ರಕ್ತ ಸೇರದಂತೆ ಹಿಡಿಯುವ ಅಗ್ಗದ ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆಯಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರಿತು. ಎಕ್ಸ್‌ರೇಯಲ್ಲಿ ಮುಂಗೈಯ ರಕ್ತನಾಳ ಸುಣ್ಣಗಟ್ಟಿ ಬಿಳಿ ಗೆರೆಯಾಗಿ ಕಂಡಾಗ ವೈದ್ಯರು ಅದನ್ನು ನಿಲ್ಲಿಸಿದರು. ಹೃದಯದ ನಾಳಗಳಿಗೂ ಇದೇ ಗತಿ ಬರಬಹುದಾದ್ದರಿಂದ ಫಾಸ್ಫರಸ್ ಅಂಕಿಯನ್ನು ಹಗುರವಾಗಿ ನೋಡಬಾರದು. ಆಮೇಲೆ ಬಂದದ್ದು ಅದೇ ಕೆಲಸ ಮಾಡುವ, ಕ್ಯಾಲ್ಸಿಯಂ ಇಲ್ಲದ ಸೆವೆಲಮರ್: ಮಾತ್ರೆಗೆ ಸುಮಾರು 20 ರೂಪಾಯಿ, ದಿನಕ್ಕೆ 3, ತಿಂಗಳಿಗೆ 1,800ರಷ್ಟು. ಅಷ್ಟು ಸುರಿದರೂ ಅಂಕಿ 7ರ ಕೆಳಗೆ ಬರಲಿಲ್ಲ.

ಮಾತ್ರೆ ಹಿಡಿಯುವುದು ಹೊಟ್ಟೆಯಲ್ಲಿರುವ ಊಟದ ಫಾಸ್ಫರಸ್ಸನ್ನು. ಬೆಳಿಗ್ಗೆ ನಾನು ತಿನ್ನುವುದು ಒಂದು ತಟ್ಟೆ ಸುಸಲಾ (ಮಂಡಕ್ಕಿ ಒಗ್ಗರಣೆ). ಫಾಸ್ಫರಸ್‌ನ ಭಾರವೆಲ್ಲ ಮಧ್ಯಾಹ್ನದ ರೊಟ್ಟಿ, ಬೇಳೆ, ಪಲ್ಯದ ಮೇಲೆ. ಊಟದ ಪಟ್ಟಿಯನ್ನು ವೈದ್ಯರ ಮುಂದಿಟ್ಟು, ಅವರ ಒಪ್ಪಿಗೆಯಿಂದ ಬೆಳಗಿನ ಮಾತ್ರೆಯನ್ನು ಮಧ್ಯಾಹ್ನಕ್ಕೆ ಸೇರಿಸಿದೆ. ಉಂಡು ಕೈ ತೊಳೆದ ಮೇಲೆ ನುಂಗುವುದನ್ನು ಬಿಟ್ಟು, ಎರಡು ತುತ್ತು ಉಂಡ ಕೂಡಲೇ ನುಂಗತೊಡಗಿದೆ. ಒಂದು ರೂಪಾಯಿಯೂ ಹೆಚ್ಚಾಗದೆ ಅಂಕಿ ಇಳಿಯಿತು. ನಂಬದಿದ್ದವರೇ ಈಗ ನನ್ನ ಪಟ್ಟಿಯನ್ನು ಬರೆದುಕೊಂಡು ಹೋಗುತ್ತಾರೆ.

ಬಿಟ್ಟದ್ದೂ ಉಂಟು. ಕೋಲಾದಂಥ ಪಾನೀಯ, ಡಬ್ಬದ ತಿನಿಸುಗಳಿಗೆ ಬೆರೆಸುವ ಫಾಸ್ಫೇಟ್ ಬಹುಪಾಲು ರಕ್ತ ಸೇರುತ್ತದೆ. ಜೋಳ, ಬೇಳೆಯದು ನಮ್ಮ ಹೊಟ್ಟೆ ಪೂರ್ತಿ ಅರಗಿಸಲಾಗದ ಫೈಟೇಟ್ ರೂಪದಲ್ಲಿರುವುದರಿಂದ ಸುಮಾರು ಅರ್ಧ ಮಾತ್ರ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ತಟ್ಟೆಯಿಂದ ಹೋದವು. ಅವುಗಳ ಜಾಗಕ್ಕೆ ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿಯ ಪುಡಿ ಬಂದಿದೆ; ಅದಕ್ಕೆ ರುಚಿ ಕೊಡುವ ಮೂರನೆಯ ಪದಾರ್ಥ ನಮ್ಮ ಮನೆಯ ಗುಟ್ಟು.

ಬೇಳೆಯ ಮೇಲೆ ಇನ್ನೊಂದು ಪ್ರಯೋಗ ನಡೆದಿದೆ. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರು ಧಾರಾಳವಾಗಿ ಹಾಕಿ ಬೇಯಿಸಿ ಕಟ್ಟು ಬಸಿಯುತ್ತೇವೆ. ಪೊಟ್ಯಾಸಿಯಂ, ಒಂದಿಷ್ಟು ಫಾಸ್ಫರಸ್ ಆ ಕಟ್ಟಿಗಿಳಿಯುತ್ತವೆ. ಕಟ್ಟಿನ ಸಾರು ಮನೆಯವರಿಗೆ, ಬೇಳೆ ನನಗೆ.

ಫಾಸ್ಫರಸ್ ಹೆಚ್ಚಿದ್ದಾಗಿನ ತುರಿಕೆಗೆ ರಾತ್ರಿಯಿಡೀ ಬೆನ್ನು ಕೆರೆದುಕೊಳ್ಳುವುದು ನಿಂತಿದೆ. ಎಲುಬಿನ ಕ್ಯಾಲ್ಸಿಯಂ ಕರಗಿಸುವ ಪಿಟಿಎಚ್ ಹಾರ್ಮೋನು ಮಾತ್ರ ಇನ್ನೂ ಮೇಲೆಯೇ ಇರುವುದರಿಂದ ವೈದ್ಯರು ಅದಕ್ಕೆ ಬೇರೆ ಮಾತ್ರೆ ಶುರುಮಾಡಿದ್ದಾರೆ.