ಎರಡನೇ ದಿನದ ಘಾಟಿ: ಮೈಸೂರಿನಿಂದ ಮಂಗಳೂರಿಗೆ ಸಹಾಯಾರ್ಥ ಸೈಕಲ್ ಸವಾರಿಯ ತಯಾರಿ

ಮಡಿಕೇರಿ ದಾರಿಯಾಗಿ ಹೋದರೆ ಮೈಸೂರಿನಿಂದ ಮಂಗಳೂರಿಗೆ ಸುಮಾರು 260 ಕಿಲೋಮೀಟರ್. ಎರಡು ದಿನಕ್ಕೆ ಹಂಚಿಕೊಂಡರೆ ಮೊದಲ ದಿನ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿ, ಹೆಚ್ಚುಕಡಿಮೆ 120. ಮರುದಿನ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು, ಮಾಣಿ, ಬಿ.ಸಿ. ರೋಡ್ ಮೇಲೆ ಮಂಗಳೂರು, ಅದು 140. ಹೊಸಬರೆಲ್ಲ ಹೆದರುವುದು ಮೊದಲ ದಿನದ ಏರಿಗೆ. ಎರಡನೇ ದಿನ ಇಳಿಜಾರಲ್ವಾ, ಸೈಕಲ್ಲು ತಾನಾಗೇ ಹೋಗುತ್ತೆ ಅಂದುಕೊಂಡಿರುತ್ತಾರೆ. ಸವಾರಿ ಕೆಡುವುದು ಆ ಎರಡನೇ ದಿನವೇ. ಹಾಗಾಗಿ ನನ್ನ ಹನ್ನೆರಡು ವಾರದ ತಯಾರಿಯನ್ನೆಲ್ಲ ಆ ದಿನವನ್ನೇ ಗುರಿಯಾಗಿಟ್ಟುಕೊಂಡು ಜೋಡಿಸಿಕೊಂಡೆ.

ಲೆಕ್ಕ ನೋಡಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಕುಶಾಲನಗರ 830ರ ಆಸುಪಾಸು, ಮಡಿಕೇರಿ 1,150. ಅಂದರೆ ಕಾವೇರಿ ಸೇತುವೆ ದಾಟುವವರೆಗೂ ಸಣ್ಣಪುಟ್ಟ ಉಬ್ಬುತಗ್ಗು ಅಷ್ಟೆ. ನಿಜವಾದ ಏರು ಸುಂಟಿಕೊಪ್ಪದ ಕಡೆಯ ಕೊನೆಯ ಮೂವತ್ತು ಕಿಲೋಮೀಟರಿನಲ್ಲಿದೆ, ಅದೂ ಮುನ್ನೂರು ಚಿಲ್ಲರೆ ಮೀಟರ್. ಮರುದಿನ ಮೊದಲ ಮೂವತ್ತು ಕಿಲೋಮೀಟರಿನಲ್ಲೇ ಸುಮಾರು ಸಾವಿರ ಮೀಟರ್ ಇಳಿಯಬೇಕು. ಹಿಂದಿನ ದಿನ ಏಳು ಗಂಟೆ ಹ್ಯಾಂಡಲ್ ಹಿಡಿದು ದಣಿದ ಕೈಗಳೇ ಬ್ರೇಕನ್ನೂ ಹಿಡಿಯಬೇಕು. ಕೆಳಗಿಳಿದ ಮೇಲೆ ಕರಾವಳಿಯ ಸೆಕೆ, ಸುಳ್ಯದಿಂದ ಪುತ್ತೂರಿನವರೆಗೆ ಒಂದರ ಹಿಂದೊಂದು ಏರಿಳಿತ.

ಮೊದಲ ನಾಲ್ಕು ವಾರ ವಾರಕ್ಕೆ ಮೂರು ದಿನ, ಒಟ್ಟು 100ರಿಂದ 130 ಕಿ.ಮೀ. ಸವಾರಿ ಮಾಡುತ್ತಲೇ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗ. ಉಸಿರು ಕಟ್ಟಿ ಒಂದೊಂದೇ ಪದ ಬರುತ್ತಿದ್ದರೆ ವೇಗ ಜಾಸ್ತಿಯಾಗಿದೆ ಎಂದರ್ಥ. ಪೆಡಲು ನಿಮಿಷಕ್ಕೆ 80ರಿಂದ 90 ಸುತ್ತು ತಿರುಗಬೇಕು. ಭಾರದ ಗೇರಿನಲ್ಲಿ 60 ಸುತ್ತು ತುಳಿಯುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗೆ ಇದೆ; ಮೊಣಕಾಲು ಹಾಳಾಗುವುದು ಅದರಿಂದಲೇ. ಐದನೇ ವಾರದಿಂದ ವಾರಕ್ಕೆ ನಾಲ್ಕು ದಿನ, ಅದರಲ್ಲಿ ಒಂದು ದಿನ ಚಾಮುಂಡಿ ಬೆಟ್ಟ. ಪ್ರತಿ ನಾಲ್ಕನೇ ವಾರ ದೂರವನ್ನು ಅರ್ಧದಷ್ಟಕ್ಕೆ ಇಳಿಸಿ ಮೈಗೆ ಬಿಡುವು ಕೊಡಬೇಕು. ದೇಹ ಗಟ್ಟಿಯಾಗುವುದು ಆ ಬಿಡುವಿನಲ್ಲೇ; ಅದನ್ನು ಬಿಟ್ಟವರು ಒಂಬತ್ತನೇ ವಾರದ ಹೊತ್ತಿಗೆ ಸೋತುಹೋಗುತ್ತಾರೆ.

ಇಡೀ ಯೋಜನೆಯಲ್ಲಿ ಒಂದನ್ನು ಮಾತ್ರ ಬಿಡಬೇಡಿ ಎಂದರೆ, ಬೆನ್ನುಬೆನ್ನಿಗೆ ಬರುವ ಎರಡು ದಿನದ ಸವಾರಿಯನ್ನು. ಏಳನೇ ವಾರ ಶನಿವಾರ 80, ಭಾನುವಾರ 60. ಒಂಬತ್ತನೇ ವಾರ ಶನಿವಾರ ಹುಣಸೂರಿಗೆ ಹೋಗಿ ಬಂದು 90, ಭಾನುವಾರ 80. ಹತ್ತನೇ ವಾರ ಶನಿವಾರ ಗುಂಡ್ಲುಪೇಟೆಗೆ ಹೋಗಿ ಬಂದು 120, ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಮೂರು ಸಲ ಹತ್ತಿ ಇಳಿದು, ಅದರ ಮೇಲೆ 60 ಕಿ.ಮೀ. ಸಪಾಟು ರಸ್ತೆ. ಶನಿವಾರ ಒಂದೇ ದಿನ 170 ತುಳಿದು ಭಾನುವಾರ ಮಲಗುವುದಕ್ಕಿಂತ ಇದು ಎಷ್ಟೋ ಮೇಲು. ಭಾನುವಾರ ಬೆಳಿಗ್ಗೆ ಸೀಟಿನ ಮೇಲೆ ಕೂತ ಮೊದಲ ಹತ್ತು ನಿಮಿಷದಲ್ಲೇ ಎಲ್ಲ ಗೊತ್ತಾಗುತ್ತದೆ: ಸೀಟು ಸರಿಯಿದೆಯೇ, ಹಿಂದಿನ ರಾತ್ರಿಯ ಊಟ ಸಾಕಾಯಿತೇ, ಕುತ್ತಿಗೆ ಎಷ್ಟು ಹಿಡಿದಿದೆ. ಕೊನೆಯ ಹತ್ತು ದಿನ 20–30 ಕಿ.ಮೀ.ಯ ಸಣ್ಣ ಸವಾರಿ ಮಾತ್ರ.

ಬೆಟ್ಟದಿಂದ ಇಳಿಯುವುದನ್ನು ವಿಶ್ರಾಂತಿ ಎಂದುಕೊಳ್ಳಬಾರದು, ಅದೇ ಪಾಠ. ಬೆಳಿಗ್ಗೆ ಬೇಗ, ವಾಹನ ಕಡಿಮೆ ಇರುವಾಗ, ಕೈಗಳನ್ನು ಹ್ಯಾಂಡಲ್ಲಿನ ಕೆಳಬಾಗಿನಲ್ಲಿಟ್ಟು ಇಳಿಯುವುದನ್ನು ಕಲಿಯಬೇಕು. ಅಲ್ಲಿಂದ ಎರಡು ಬೆರಳಿನಲ್ಲಿ ಸಿಗುವ ಬ್ರೇಕು ಮೇಲಿನಿಂದ ನಾಲ್ಕು ಬೆರಳು ಹಾಕಿದರೂ ಸಿಗುವುದಿಲ್ಲ. ಕೈ ಚಿಕ್ಕದಿದ್ದವರು ಲಿವರಿನ ಸಣ್ಣ ತಿರುಪಿನಿಂದ ಅದನ್ನು ಹ್ಯಾಂಡಲ್ಲಿಗೆ ಹತ್ತಿರ ತಂದುಕೊಳ್ಳಬಹುದು. ಆ ತಿರುಪು ಇರುವುದೇ ಬಹಳ ಜನಕ್ಕೆ ಗೊತ್ತಿಲ್ಲ.

ಉಂಗುರದ ಬೆರಳು, ಕಿರುಬೆರಳು ಜೋಮು ಹಿಡಿದರೆ ಅಂಗೈಯ ಹೊರಬದಿಯ ನರ ಒತ್ತುತ್ತಿದೆ. ದಪ್ಪ ಗ್ಲೌಸು ಕೊಳ್ಳುವ ಮೊದಲು ಸೀಟು ನೋಡಿ. ಮೂತಿ ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗೆ ಬೀಳುತ್ತದೆ. ಮಟ್ಟಗೋಲಿಟ್ಟು ಸಮ ಮಾಡಿ. ಎತ್ತರಕ್ಕೆ ಹಳೆಯ ಲೆಕ್ಕವೇ ಸಾಕು: ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು ಕಾಲ್ಸಂದಿಯಿಂದ ನೆಲಕ್ಕೆ ಅಳೆದು, 0.883ರಿಂದ ಗುಣಿಸಿ. 80 ಸೆಂ.ಮೀ. ಇದ್ದರೆ ಪೆಡಲಿನ ಎರಡೂ ತೋಳು ಸೇರುವ ನಡು ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು 70.6 ಸೆಂ.ಮೀ. ಮೊಣಕಾಲಿನ ಮುಂದೆ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ, ಹಿಂದೆ ಬಂದರೆ ಎತ್ತರವಾಗಿದೆ. ಒಂದು ಸಲಕ್ಕೆ ಮೂರು ಮಿಲಿಮೀಟರಿಗಿಂತ ಹೆಚ್ಚು ಬದಲಿಸಬೇಡಿ, ಕೊನೆಯ ಮೂರು ವಾರವಂತೂ ಮುಟ್ಟಲೇಬೇಡಿ. ಪ್ಯಾಡ್ ಇರುವ ಚಡ್ಡಿಯ ಒಳಗೆ ಇನ್ನೇನೂ ಹಾಕಬಾರದು. ಎರಡು ದಿನಕ್ಕೆ ಎರಡು ಜೊತೆ ಬೇಕೇ ಬೇಕು. ಚಳಿಗಾಲದ ಮಡಿಕೇರಿಯಲ್ಲಿ ರಾತ್ರಿ ಒಗೆದದ್ದು ಬೆಳಿಗ್ಗೆಗೆ ಒಣಗಿರುವುದಿಲ್ಲ.

ಇನ್ನು ಸೈಕಲ್ಲು. ಮುಂದೆ 50/34, ಹಿಂದೆ 11–32 ಅಥವಾ 11–34 ಹಲ್ಲಿನ ಗೇರು ಈ ದಾರಿಗೆ ಧಾರಾಳ. ಟಯರು 28 ಮಿ.ಮೀ., 32 ಆದರೆ ಇನ್ನೂ ಒಳ್ಳೆಯದು. 70 ಕೆ.ಜಿ. ತೂಕದವರಿಗೆ 28ಕ್ಕೆ ಹಿಂದೆ 80, ಮುಂದೆ 75 ಪಿಎಸ್ಐ ಗಾಳಿ. ಕಲ್ಲಿನಷ್ಟು ಗಟ್ಟಿ ತುಂಬಿದರೆ ತಿರುವಿನಲ್ಲಿ ಹಿಡಿತ ಹೋಗುತ್ತದೆ, ಕೈ ನಡುಗುತ್ತದೆ.

ಹೊರಡುವ ವಾರ ನಾನು ಹೆಚ್ಚು ಹೊತ್ತು ಕೊಡುವುದು ಬ್ರೇಕಿಗೆ. ರಿಮ್ ಬ್ರೇಕ್, ಅಂದರೆ ಚಕ್ರದ ಅಂಚಿನ ಬಳೆಯನ್ನೇ ಒತ್ತುವ ಬ್ರೇಕ್, ಇದ್ದರೆ ಚಕ್ರ ಬಿಚ್ಚಿ ಪ್ಯಾಡುಗಳ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ರಬ್ಬರಿನಲ್ಲಿ ಅಲ್ಲಲ್ಲಿ ಬೆಳ್ಳಿ ಚುಕ್ಕೆ ಹೊಳೆಯುತ್ತವೆ. ಅದು ರಿಮ್ಮಿನಿಂದಲೇ ಕಿತ್ತು ಬಂದ ಅಲ್ಯೂಮಿನಿಯಂ ಚೂರು. ಪ್ರತಿ ಸಲ ಬ್ರೇಕು ಹಿಡಿದಾಗಲೂ ಅದು ರಿಮ್ಮನ್ನು ಇನ್ನಷ್ಟು ಕೆರೆಯುತ್ತದೆ. ಕರಕರ ಸದ್ದು ಅದರದೇ. ದಪ್ಪ ಸೂಜಿಯಿಂದ ಒಂದೊಂದನ್ನೇ ಕಿತ್ತು, ಹೊಳಪುಗಟ್ಟಿದ ಮುಖವನ್ನು ಉಪ್ಪುಕಾಗದದಿಂದ ಉಜ್ಜಿ, ರಿಮ್ಮನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ. ಪ್ಯಾಡಿನ ಗೆರೆಗಳು ಸವೆದು ಮಾಯವಾಗಿದ್ದರೆ ಹೊಸದು ಹಾಕಿ. ಡಿಸ್ಕ್ ಬ್ರೇಕಿನಲ್ಲಿ ಉಜ್ಜುವ ಪದರ ಒಂದು ಮಿ.ಮೀ.ಗೆ ಬಂದಿದ್ದರೆ ಬದಲಿಸಿ, ಮತ್ತೆ ಹೊಸ ಪ್ಯಾಡು ಪಳಗಲು ಒಂದಿಪ್ಪತ್ತು ಸಲ ವೇಗದಿಂದ ನಿಧಾನಕ್ಕೆ ಬಂದು ನೋಡಿ. ಪಳಗದ ಪ್ಯಾಡಿನಲ್ಲಿ ಘಾಟಿ ಇಳಿಯಬೇಡಿ.

ಟ್ಯೂಬಿನ ವಿಷಯ ಹೆಚ್ಚಿನವರು ಯೋಚಿಸುವುದೇ ಇಲ್ಲ. ರಿಮ್ ಬ್ರೇಕಿನ ಬಿಸಿ ಟ್ಯೂಬಿಗೆ ತಾಗುತ್ತದೆ, ಆ ಬಿಸಿಗೆ ಅಂಟಿಸಿದ ಪ್ಯಾಚು ಬಿಟ್ಟುಕೊಳ್ಳಬಹುದು. ಘಾಟಿಗೆ ಪಂಕ್ಚರ್ ಹಾಕದ ಹೊಸ ಟ್ಯೂಬೇ ಇರಲಿ, ಹಳೆಯದು ಚೀಲದಲ್ಲಿರಲಿ. ಹಗುರವೆಂದು ಈಗ ಸಿಗುವ ಟಿಪಿಯು (ಒಂದು ಬಗೆಯ ಪ್ಲಾಸ್ಟಿಕ್) ಟ್ಯೂಬುಗಳಲ್ಲಿ ಕೆಲವು ಡಿಸ್ಕ್ ಬ್ರೇಕಿಗೆ ಮಾತ್ರ ಹೊಂದುತ್ತವೆ. ಪೊಟ್ಟಣದ ಮೇಲೆ ಬರೆದಿರುತ್ತದೆ, ಓದಿ ಕೊಳ್ಳಿ.

ಸಂಪಾಜೆಯಲ್ಲಿ ಇಳಿಯುವ ಕ್ರಮ ಹೀಗೆ. ಬ್ರೇಕನ್ನು ಅರೆಬರೆ ಹಿಡಿದೇ ಇರಬಾರದು. ಹಾಗೆ ಎಳೆದುಕೊಂಡು ನಿಧಾನ ಇಳಿದರೆ ಬಿಸಿ ಏರುತ್ತಲೇ ಹೋಗುತ್ತದೆ, ಆರಿಸಲು ಗಾಳಿಯೂ ಸಾಲದು. ತಿರುವಿಗೆ ಮೊದಲೇ, ಸೈಕಲ್ಲು ನೆಟ್ಟಗಿರುವಾಗ, ಎರಡೂ ಬ್ರೇಕನ್ನು ಎರಡು ಮೂರು ಸೆಕೆಂಡು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಪೂರ್ತಿ ಬಿಡಿ. ಸೊಂಟ ಹಿಂದಕ್ಕೆ, ಹೊರಬದಿಯ ಪೆಡಲು ಕೆಳಗೆ, ಭಾರ ಆ ಪಾದದ ಮೇಲೆ. ಕಣ್ಣು ತಿರುವಿನಿಂದ ಹೊರಬರುವ ಜಾಗದ ಕಡೆ ಇರಲಿ. ಗುಂಡಿಯನ್ನೇ ನೋಡಿದರೆ ಗುಂಡಿಗೇ ಹೋಗುತ್ತೀರಿ. ಎದುರಿನಿಂದ ಹತ್ತುವ ಬಸ್ಸು ಲಾರಿಗಳು ತಿರುವಿನಲ್ಲಿ ನಿಮ್ಮ ಬದಿಗೆ ಬಂದೇ ಬರುತ್ತವೆ, ನಡುಗೆರೆಯ ಹತ್ತಿರ ಹೋಗಲೇಬೇಡಿ. ಇಬ್ಬರ ನಡುವೆ ಕನಿಷ್ಠ ಮೂವತ್ತು ಮೀಟರ್ ಅಂತರ. ಏಳೆಂಟು ಕಿಲೋಮೀಟರಿಗೊಮ್ಮೆ ಅಗಲವಾದ ಜಾಗದಲ್ಲಿ ಎಲ್ಲರೂ ನಿಂತು ಐದು ನಿಮಿಷ ಕೈ ಕೊಡವಿಕೊಳ್ಳಿ. ಆಗ ಡಿಸ್ಕನ್ನು ಮುಟ್ಟಬೇಡಿ, ಬೊಬ್ಬೆ ಏಳುತ್ತದೆ, ನೀರೂ ಎರಚಬೇಡಿ.

ಎಷ್ಟು ಗಂಟೆಗೆ ಹೊರಡಬೇಕು ಎನ್ನುವುದು ಇಲ್ಲಿ ಕಷ್ಟದ ಪ್ರಶ್ನೆ. ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯಲ್ಲಿ ಮಂಜು ದಟ್ಟ, ಮರದ ಕೆಳಗೆ ರಸ್ತೆ ಒದ್ದೆ. ತಡ ಮಾಡಿದರೆ ಪುತ್ತೂರಿನಲ್ಲಿ ಉರಿಬಿಸಿಲು. ಮಂಜು ಕರಗಲಿ ಎಂದೇ ನಾನು ತೀರ್ಮಾನಿಸುತ್ತೇನೆ: ನೂರು ಮೀಟರ್ ದೂರದ ವಾಹನ ಕಾಣುವವರೆಗೆ ಕಾಯುವುದು. ಬಿಸಿಲನ್ನು ನೀರು, ಉಪ್ಪು, ನೆರಳಿನಿಂದ ಸುಧಾರಿಸಬಹುದು, ಮಂಜಿಗೆ ಮದ್ದಿಲ್ಲ. ಇಳಿಯುವಾಗ ಚಳಿಗೆ ಬೆರಳು ಮರಗಟ್ಟಿದರೆ ಬ್ರೇಕು ಹಿಡಿಯಲಾಗುವುದಿಲ್ಲ, ಆದ್ದರಿಂದ ಪೂರ್ತಿ ಬೆರಳಿನ ಗ್ಲೌಸು, ಎದೆಯ ಮೇಲೆ ಅಂಗಿಯೊಳಗೆ ನಾಲ್ಕು ಮಡಿಕೆಯ ದಿನಪತ್ರಿಕೆ. ಸಂಪಾಜೆಯಲ್ಲಿ ತೆಗೆದು ಬೆಂಗಾವಲು ಕಾರಿಗೆ ಹಾಕಿ.

ಆಹಾರವನ್ನೂ ಅಭ್ಯಾಸ ಮಾಡಬೇಕು, ಸವಾರಿಯ ದಿನ ಹೊಸದೇನೂ ಬೇಡ. ಗಂಟೆಗೆ 50ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಎಂಬ ಲೆಕ್ಕ ಇಟ್ಟುಕೊಳ್ಳಿ. ಸಾಧಾರಣ ಬಾಳೆಹಣ್ಣು ಒಂದಕ್ಕೆ 25 ಗ್ರಾಂ. ನೂರು ಗ್ರಾಂ ಪುಳಿಯೋಗರೆಯಲ್ಲಿ ಹೆಚ್ಚುಕಡಿಮೆ ಅಷ್ಟೇ, ಮೊಸರನ್ನದಲ್ಲಿ ಅದಕ್ಕಿಂತ ಕಡಿಮೆ. ಕಡಲೆಕಾಯಿ ಚಿಕ್ಕಿ 30 ಗ್ರಾಮಿನದು ಒಂದಕ್ಕೆ 15. ಹಸಿವಾಗುವ ಮೊದಲೇ, ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಎಣ್ಣೆ ತಿಂಡಿ ಮಧ್ಯಾಹ್ನದವರೆಗೆ ಬೇಡ. ಬೆವರಿನ ಲೆಕ್ಕ ತಿಳಿಯಲು ಬಿಸಿಲಿನ ಒಂದು ಗಂಟೆ ಸವಾರಿಗೆ ಮೊದಲು, ಆಮೇಲೆ ತೂಕ ನೋಡಿ, ಒಂದು ಕೆ.ಜಿ. ಇಳಿದಿದ್ದರೆ ಒಂದು ಲೀಟರ್ ಹೋಗಿದೆ, ಕುಡಿದ ನೀರನ್ನೂ ಅದಕ್ಕೆ ಸೇರಿಸಿ. ಸುಳ್ಯದಿಂದ ಮುಂದೆ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದ ಉಪ್ಪು ತೆಳ್ಳಗಾಗಿ ತಲೆನೋವು, ವಾಕರಿಕೆ ಶುರುವಾಗುತ್ತದೆ. ಔಷಧ ಅಂಗಡಿಯ ಓಆರ್‌ಎಸ್ 20.5 ಗ್ರಾಮಿನ ಪೊಟ್ಟಣವನ್ನು ಒಂದು ಲೀಟರಿಗೆ ಬೆರೆಸಿ, ಒಂದು ಬಾಟಲಿ ಅದು, ಒಂದು ಬಾಟಲಿ ನೀರು.

ಹಣ ಸಂಗ್ರಹದ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಕಿಲೋಮೀಟರಿಗೆ ಇಷ್ಟು ರೂಪಾಯಿ, ಮುಗಿಸಿದರೆ ಇಷ್ಟು ಎನ್ನುವ ವಾಗ್ದಾನ ತೆಗೆದುಕೊಳ್ಳಬೇಡಿ. ಕೈ ಜೋಮು ಹಿಡಿದವನು, ವಾಂತಿ ಬರುತ್ತಿರುವವಳು ನಿಲ್ಲಿಸಿದರೆ ಸಹಾಯಕ್ಕೆ ಹೋಗುವ ಹಣ ಕಡಿಮೆಯಾಗುತ್ತದೆಂದು ಘಾಟಿಯಲ್ಲಿ ಮುಂದುವರಿಯುತ್ತಾರೆ. ದಾನಿ ಕೊಡುವುದು ಉದ್ದೇಶಕ್ಕೆ. ನಾವು ಕಾರು ಹತ್ತಿದರೂ ಅದು ತಲುಪಬೇಕು. ಹಣ ಸವಾರರ ಖಾತೆಗೆ ಬರಲೇಬಾರದು, ಸಹಾಯ ಪಡೆಯುವ ಸಂಸ್ಥೆಯದೇ ಖಾತೆಯ ಯುಪಿಐ ಕೋಡನ್ನು ಆರು ವಾರ ಮೊದಲೇ ಹಂಚಿ. ನಮ್ಮ ವಸತಿ, ಊಟ, ಕಾರಿನ ಖರ್ಚು ನಮ್ಮದೇ ಎಂದು ಮೊದಲ ಸಂದೇಶದಲ್ಲೇ ಬರೆದರೆ ಕೊಡುವವರಿಗೆ ನಂಬಿಕೆ ಬರುತ್ತದೆ. 80ಜಿ ಎಂದೇ ಪರಿಚಿತವಾದ, ದಾನಕ್ಕೆ ಸಿಗುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ, ಅದರಲ್ಲೂ ₹2,000 ಮೀರಿದ ನಗದಿಗೆ ಇಲ್ಲ ಎಂಬುದನ್ನೂ ಹೇಳಿಬಿಡಿ.

ಮಾಣಿಯಲ್ಲಿ ಬೆಂಗಳೂರು ಹೆದ್ದಾರಿ ಸೇರಿದ ಮೇಲೆ ಲಾರಿಗಳ ಸಾಲು. ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಾಟಿ ಬಿ.ಸಿ. ರೋಡಿನಲ್ಲಿ ಎಲ್ಲರೂ ಬರುವವರೆಗೆ ಕಾದು, ಕೊನೆಯ 25 ಕಿ.ಮೀ.ಯನ್ನು ನಾಲ್ಕು ನಾಲ್ಕು ಜನರ ಗುಂಪಾಗಿ, ಒಂದೇ ಸಾಲಿನಲ್ಲಿ, ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಸಿಕೊಂಡು ಹೋಗಿ. ಗುಂಪಿನಲ್ಲಿ ಹೆಚ್ಚು ದಣಿದವರು ಎರಡನೆಯವರಾಗಿರಲಿ, ಕೊನೆಯವರಾಗಿ ಬೇಡ.