ಅಜ್ಜಿಗೆ ಮತ್ತೆ ನೀರು ತುಂಬದಂತೆ ನೋಡಿಕೊಳ್ಳುವುದು ಹೇಗೆ?

ಹಾರ್ಟ್ ಫೇಲ್ಯೂರ್ ಆಗಿ ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದ ಅಜ್ಜಿ ತಲಪಾಡಿ ಗಡಿ ದಾಟಿ ಕೇರಳದ ಕಾಸರಗೋಡು ಕಡೆಯ ಮನೆಗೆ ಬಂದರು. ಕಾಲಿನ ಬಾವು ಇಳಿದಿದೆ. ಹಾಗಂತ ಕಾಯಿಲೆ ಹೋಗಿಲ್ಲ. ಹೃದಯಕ್ಕೆ ರಕ್ತ ತಳ್ಳುವ ಶಕ್ತಿ ಸಾಲದಿದ್ದಾಗ ಉಪ್ಪು, ನೀರು ಮೈಯಲ್ಲೇ ಉಳಿಯುತ್ತವೆ. 85 ದಾಟಿದವರಲ್ಲಿ ಇದು ಪೂರ್ತಿ ವಾಸಿಯಾಗುವುದು ಕಡಿಮೆ. ಆದರೆ ಮತ್ತೆ ಮತ್ತೆ ಅಡ್ಮಿಟ್ ಆಗುವುದನ್ನು ಮನೆಯವರು ಎಷ್ಟೋ ತಪ್ಪಿಸಬಹುದು.

ಮೊದಲು ಒಂದು ತೂಕದ ಮೆಷಿನ್ ತನ್ನಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಚಾ ಕುಡಿಯುವ ಮೊದಲು ತೂಕ ನೋಡಿ ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆಯಿರಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಊಟದ ತೂಕ ಅಲ್ಲ, ನೀರು. ಏದುಸಿರು ಬರುವ ತನಕ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ನಿಲ್ಲಲಾಗದವರಾದರೆ ಪಾದದ ಗಂಟಿನ ಮೇಲೆ, ಮುಂದಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ. ಬಿದ್ದ ಗುಳಿ ಹಾಗೇ ಉಳಿದರೆ ನೀರಿದೆ. ಹಾಸಿಗೆ ಹಿಡಿದವರಿಗೆ ಸೊಂಟದ ಹಿಂಭಾಗದಲ್ಲಿ ಬಾವು ಬರುತ್ತದೆ, ಅಲ್ಲೂ ನೋಡಿ. ಒಂದು ದಿಂಬು ಸಾಕಿದ್ದವರು ಎರಡು ಕೇಳುತ್ತಿದ್ದಾರಾ, ರಾತ್ರಿ ಕೆಮ್ಮಿ ಎದ್ದು ಕೂರುತ್ತಾರಾ, ಅದನ್ನೂ ಬರೆದಿಡಿ.

ನಿಜವಾದ ಕಷ್ಟ ಇರುವುದು ಉಪ್ಪಿನಲ್ಲಿ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ ದಾಟಬಾರದು. 'ಸಾರಿಗೆ ಉಪ್ಪು ಕಮ್ಮಿ ಹಾಕಿದ್ದೇವಲ್ಲ' ಅನ್ನುತ್ತಾರೆ. ಗಂಜಿಯ ಪಕ್ಕದಲ್ಲಿ ನೋಡಿದರೆ ಮಾವಿನ ಮಿಡಿ, ಹಪ್ಪಳ, ಮಳೆಗಾಲಕ್ಕೆಂದು ಭರಣಿಯಲ್ಲಿಟ್ಟ ಉಪ್ಪುಸೊಳೆಯ (ಉಪ್ಪಲ್ಲಿ ಹಾಕಿಟ್ಟ ಹಲಸಿನ ತೊಳೆ) ಪಲ್ಯ, ಕೆಲವು ಮನೆಗಳಲ್ಲಿ ಒಣಮೀನು! ಸೊಳೆಯನ್ನು ಎಷ್ಟು ತೊಳೆದರೂ ಉಪ್ಪು ಪೂರ್ತಿ ಹೋಗುವುದಿಲ್ಲ. ಹಾಗಂತ ಅಜ್ಜಿ ಊಟವೇ ಬಿಡುವಷ್ಟು ಸಪ್ಪೆ ಬಡಿಸಬೇಡಿ, ಈ ವಯಸ್ಸಿನಲ್ಲಿ ಸೊರಗುವುದೂ ಅಪಾಯವೇ. ಲಿಂಬೆ, ಶುಂಠಿ, ಕಾಳುಮೆಣಸು ಜಾಸ್ತಿ ಮಾಡಿ. ಬಾಯಿರುಚಿಗೆ ಮಿಡಿಯ ಒಂದು ಸಣ್ಣ ಚೂರು ಕೇಳಿದರೆ ನಾನಾದರೆ ಕೊಟ್ಟೇನು. ಸೋಡಿಯಂ ಕಡಿಮೆ ಇರುವ ಪ್ಯಾಕೆಟ್ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ನೆಂಟರು ತರುವ ಬೊಂಡದಲ್ಲೂ (ಎಳನೀರು) ಇದೆ. ಹೃದಯದ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ, ಎಲ್ಲ ಸೇರಿ ಅದು ಅತಿಯಾದರೆ ಹೃದಯಕ್ಕೇ ಅಪಾಯ. ಡಾಕ್ಟರನ್ನು ಕೇಳದೆ ಆ ಉಪ್ಪನ್ನಾಗಲಿ ಬೊಂಡವನ್ನಾಗಲಿ ಕೊಡಬೇಡಿ.

ಮೂತ್ರ ಹೋಗುವ ಮಾತ್ರೆ ಬೆಳಿಗ್ಗೆಯೇ ಒಳ್ಳೆಯದು. ದಿನಕ್ಕೆ ಎರಡಿದ್ದರೆ ಎರಡನೆಯದು ಮಧ್ಯಾಹ್ನಕ್ಕೆ ಆದೀತೇ ಎಂದು ಕೇಳಿ. ರಾತ್ರಿ ಕೊಟ್ಟರೆ ಕತ್ತಲಲ್ಲಿ ಬಾತ್‌ರೂಮಿಗೆ ಹೊರಟು ಜಾರಿ ಬೀಳುತ್ತಾರೆ. ಗಂಟುನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರುವುದು ಬೇಡವೇ ಬೇಡ. ವಾಂತಿಭೇದಿ ಶುರುವಾದರೆ ಮೂತ್ರದ ಮಾತ್ರೆ ಮುಂದುವರಿಸಬೇಕೇ ಎಂದು ಅವತ್ತೇ ವಿಚಾರಿಸಿ. ಕೂತಲ್ಲೇ ಉಸಿರು ಎಳೆಯುತ್ತಿದ್ದರೆ, ತುಟಿ ನೀಲಿಯಾದರೆ ಯೋಚಿಸುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.

ಮಂಗಳೂರಿಗೆ ಹೋಗಿಬರುವುದೇ ಅಜ್ಜಿಗೆ ಭಾರವಾದರೆ ನಿಮ್ಮ ಪಂಚಾಯತಿನ ಪಾಲಿಯೇಟಿವ್ ನರ್ಸ್‌ಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ಕಷ್ಟ ತಗ್ಗಿಸಲು ಆರೈಕೆ ಮಾಡುವ ನರ್ಸ್‌ಗೆ ಹೇಳಿ. ಕೇರಳ ಸರ್ಕಾರ 2008ರಲ್ಲೇ ಇದಕ್ಕೊಂದು ನೀತಿ ತಂದಿದೆ, ನರ್ಸ್ ಮನೆಗೇ ಬರುತ್ತಾರೆ. ಇದು ಕ್ಯಾನ್ಸರ್ ಆದವರಿಗೆ ಮಾತ್ರ ಅಂದುಕೊಂಡು ಸುಮ್ನೆ ಇರಬೇಡಿ, ಹೃದಯದ ಕಾಯಿಲೆಯವರಿಗೂ ಉಂಟು. ಎಲ್ಲಿ ವಿಚಾರಿಸುವುದೆಂದು ತಿಳಿಯದಿದ್ದರೆ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಕೇಳಿ.